ಎಪ್ಪತ್ತೊಂದನೇ ಪುಟ ವಾಪಸ್ ಕೇಳಿದ ಲೆವಿನಣ್ಣ

ಅಲ್ಲ, ಅಲ್ಲೇ ನೀವು ತಪ್ಪು ತಿಳಿದಿರುವುದು. ಲೆವಿನಣ್ಣ ಮನೆಮನೆ ತಿರುಗಿದ್ದು ಪುಸ್ತಕ ಮಾರುವುದಕ್ಕಲ್ಲ, ಮಾರಿದ್ದನ್ನು ವಾಪಸ್ ಕೇಳುವುದಕ್ಕೆ. ಪೂರ್ತಿ ಪುಸ್ತಕ ಕೊಡಲು ಮನಸ್ಸಿಲ್ಲದಿದ್ದರೆ ಒಂದು ಹಾಳೆ ಸಾಕು, ಎಪ್ಪತ್ತೊಂದನೇ ಪುಟದ್ದು ಅಂತ ಟೋಪಿ ತೆಗೆದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಯಾರಾದರೂ ಒಳಗಿಂದ ತಂದುಕೊಟ್ಟರೆ ಜೇಬಿನ ಚೂರಿ ತೆಗೆದು, ಹೊಲಿಗೆಗೆ ಏಟು ಬೀಳದ ಹಾಗೆ ಆ ಹಾಳೆಯೊಂದನ್ನೇ ಕುಯ್ದುಕೊಂಡು, ಪುಸ್ತಕವನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟು ಮೆಟ್ಟಿಲಿಳಿಯುತ್ತಿದ್ದರು. ತಾನು ಬರೆದ ಪುಸ್ತಕವನ್ನು ತಾನೇ ಹೀಗೆ ಕುಯ್ಯುತ್ತಾ ತಿರುಗಿದವರನ್ನು ನಾನಂತೂ ಇನ್ನೊಬ್ಬರನ್ನು ಕಂಡಿಲ್ಲ.

ಯಾಕೆ ಅಂತ ನಮ್ಮ ನ್ಯೂ ಬೆಡ್‌ಫರ್ಡಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹಳೇ ಧಣಿಗೆ ಹೆದರಿದ್ದಾನೆ ಅಂತ ಮೀನಿನ ಅಂಗಡಿಯವರು. ವ್ಯಾಕರಣ ತಪ್ಪಿರಬೇಕು, ಪಾಪ, ಅಕ್ಷರ ಕಲಿತಿದ್ದು ಮೂವತ್ತರ ಹತ್ತಿರ ಬಂದ ಮೇಲಲ್ಲವೇ ಅಂತ ಶಾಲೆಯ ಮೇಷ್ಟ್ರು. ಚರ್ಚಿನ ಬಾಗಿಲು ಕಾಯುವ ಟೆಂಪಿ ಅತ್ತೆ ಮಾತ್ರ ನೇರವಾಗಿ, "ಆ ಪುಟದಲ್ಲಿ ಯಾವಳ ಹೆಸರಿದೆಯೋ ಏನೋ, ಈಗ ನಾಚ್ಕೊಂಡು ಸಾಯ್ತಿದಾನೆ" ಅಂದುಬಿಟ್ಟಿದ್ದರು. ಲೆವಿನಣ್ಣನನ್ನೇ ಕೇಳಿದರೆ ಉತ್ತರ ಯಾವಾಗಲೂ ಒಂದೇ. ಅಲ್ಲೊಂದು ತಪ್ಪಿದೆ, ಅಷ್ಟೇ.

ತಪ್ಪೇನೋ ಇತ್ತು. ಆದರೆ ಅದು ವ್ಯಾಕರಣದ್ದಲ್ಲ. ಟೆಂಪಿ ಅತ್ತೆ ಅಂದಿದ್ದೇ ಅರ್ಧ ನಿಜ. ಅಲ್ಲೊಂದು ಹೆಸರಿತ್ತು, ಗಂಡಸಿನದು.

ಮೊದಲಿಂದ ಹೇಳುತ್ತೇನೆ. ಲೆವಿನಣ್ಣ ಹುಟ್ಟಿದ್ದು ಕೆಳಗೆ, ದಕ್ಷಿಣದ ಗುಲಾಮ ಸೀಮೆಯ ಮೇರಿಲ್ಯಾಂಡಿನಲ್ಲಿ, ಚಾಪ್‌ಟ್ಯಾಂಕ್ ನದಿಯ ಬದಿಯ ಒಂದು ಜಮೀನಿನಲ್ಲಿ, ಗುಲಾಮನಾಗಿ. ಆಗ ಹೆಸರು ಪಾಂಪಿ. ಧಣಿಯ ಬೇಟೆನಾಯಿಗೂ ಅದೇ ಹೆಸರಿತ್ತಂತೆ. "ಪಾಂಪೀ ಅಂತ ಕೂಗಿದ್ರೆ ಇಬ್ರೂ ಓಡ್ತಿದ್ವಿ, ಮೂಳೆ ಸಿಗ್ತಿದ್ದಿದ್ದು ಅದಕ್ಕೆ" ಅಂತ ಈಗಲೂ ನಗಿಸುತ್ತಾರೆ. ಪೀಪಾಯಿ ಕಟ್ಟುವ ಕೆಲಸಕ್ಕೆ ಹಾಕಿದ್ದರು. ಕಟ್ಟಿದ ಪ್ರತಿಯೊಂದು ಪೀಪಾಯಿಯ ಮುಚ್ಚಳಕ್ಕೂ ಕಾಯಿಸಿದ ಕಬ್ಬಿಣದ ಅಚ್ಚು ಒತ್ತಬೇಕು. ಹಿಟ್ಟಿನದಕ್ಕೊಂದು ಗುರುತು, ಉಪ್ಪುಮೀನಿನದಕ್ಕೊಂದು, ಕೆಳಗೆ ಯಜಮಾನನ ಹೆಸರು. ಆ ಸುಟ್ಟ ಗುರುತುಗಳನ್ನೇ ನೋಡಿ ನೋಡಿ, ಇದ್ದಿಲಿನಿಂದ ಹಲಗೆಯ ಹಿಂಬದಿಯಲ್ಲಿ ತಿದ್ದಿ, ಒರೆಸಿ, ಮತ್ತೆ ತಿದ್ದಿ ಲೆವಿನಣ್ಣ ಅಕ್ಷರ ಕಲಿತರು. ಕಲಿಸಿದವರು ಯಾರೂ ಇಲ್ಲ. ಗೊತ್ತಾಗಿದ್ದರೆ ಬೆನ್ನಿನ ಚರ್ಮ ಸುಲಿಯುತ್ತಿದ್ದರು. ಹಾಗೆ ಅವರು ಬರೆಯಲು ಕಲಿತ ಮೊದಲ ಹೆಸರು ತನ್ನ ಧಣಿಯದೇ. ಎಲ್ಲ ಪೀಪಾಯಿಯ ಮೇಲೂ ಇದ್ದದ್ದು ಅದೊಂದೇ ತಾನೇ.

ಅಲ್ಲಿಂದ ತಪ್ಪಿಸಿಕೊಂಡಿದ್ದು ಡೆನ್ವುಡ್ ಎಂಬವನ ದೋಣಿಯಲ್ಲಿ. ಡೆನ್ವುಡ್ ಪಕ್ಕದ ಜಮೀನಿನ ಗುಲಾಮ, ಧಣಿಗೋಸ್ಕರ ಕೊಲ್ಲಿಯಲ್ಲಿ ಸಿಂಪಿ, ಅಂದರೆ ಚಿಪ್ಪಿನ ಮೀನು, ಹಿಡಿಯುವವನು. ಮಂಜು ಕವಿದ ಬೆಳಗುಗಳಲ್ಲಿ ಸಿಂಪಿ ಮೂಟೆಗಳ ಕೆಳಗೆ ಒಬ್ಬೊಬ್ಬರನ್ನೇ ಮಲಗಿಸಿಕೊಂಡು ಆಚೆ ದಡ ಮುಟ್ಟಿಸುತ್ತಿದ್ದ. ಎಷ್ಟು ಜನರನ್ನು ಅಂತ ಅವನೂ ಲೆಕ್ಕ ಇಟ್ಟಿರಲಿಲ್ಲ. ದಡ ಹತ್ತಿರವಾದಾಗ, ನಿನ್ನ ಋಣ ಹೇಗೆ ತೀರಿಸಲಿ ಅಂತ ಲೆವಿನಣ್ಣ ಕೇಳಿದರು. ಡೆನ್ವುಡ್ ನಕ್ಕು, "ನಿಂಗೆ ಅಕ್ಷರ ಬರುತ್ತಂತಲ್ಲ, ನನ್ನ ಹೆಸರು ಎಲ್ಲಾದ್ರೂ ಬರಿ ಮಾರಾಯ. ಇಷ್ಟು ವರ್ಷದಲ್ಲಿ ಒಬ್ನೂ ಬರೆದಿಲ್ಲ" ಅಂದನಂತೆ.

ಅವನು ತಮಾಷೆಗೆ ಅಂದದ್ದು. ಲೆವಿನಣ್ಣ ಅದನ್ನು ಎದೆಗೆ ಹಚ್ಚಿಕೊಂಡು, ಗುಲಾಮಗಿರಿ ಇಲ್ಲದ ಈ ಉತ್ತರದ ಬಂದರಿಗೆ ಬಂದರು.

ಇಲ್ಲಿ ತಿಮಿಂಗಿಲದ ಎಣ್ಣೆಗೆ ಪೀಪಾಯಿ ಎಷ್ಟಿದ್ದರೂ ಸಾಲದು, ಹಾಗಾಗಿ ಕೆಲಸ ಸಿಕ್ಕಿತು. ಲೆವಿನ್ ಟ್ರಾವರ್ಸ್ ಅಂತ ಹೊಸ ಹೆಸರಿಟ್ಟುಕೊಂಡರು. ನಮ್ಮ ಕಪ್ಪುಜನರ ಚರ್ಚಿನಲ್ಲಿ ಒಮ್ಮೆ ಎದ್ದು ನಿಂತು ತನ್ನ ಕಥೆ ಹೇಳಿದರು. ಆಮೇಲೆ ಊರೂರಿಗೆ ಕರೆ ಬಂತು. ಗುಲಾಮಗಿರಿ ಹೋಗಬೇಕು ಅನ್ನುವ ಬಿಳಿಯರ ಸಭೆಗಳಲ್ಲಿ ಮಾತಾಡಿದರು. ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಕೆಳಗಿನ ಸೀಮೆಯ ಒಂದು ಪತ್ರಿಕೆ, ಇವನು ಸುಳ್ಳುಗಾರ, ಇಷ್ಟು ಮಾತು ಬಲ್ಲವನು ಗುಲಾಮನಾಗಿರಲು ಸಾಧ್ಯವೇ ಇಲ್ಲ ಅಂತ ಬರೆಯಿತು. ಆಗ ಬಾಸ್ಟನ್ನಿನ ದೊಡ್ಡವರು ಕೆಲವರು, ಪುಸ್ತಕ ಬರೆದುಬಿಡು ಅಂದರು. ಆ ಕಾಲದಲ್ಲಿ ನಮ್ಮವರು ಬರೆದ ಪುಸ್ತಕ ಒಂಟಿಯಾಗಿ ಹೊರಗೆ ಬರುವ ಹಾಗಿರಲಿಲ್ಲ. ಮೊದಲ ಹತ್ತು ಪುಟ ದೊಡ್ಡವರ ಕಾಗದಗಳು: ನಾವು ವಿಚಾರಿಸಿದ್ದೇವೆ, ಈತ ಸತ್ಯವಂತ, ತನ್ನ ಕೈಯಾರೆ ಬರೆದಿದ್ದಾನೆ ಅಂತ. ನಮ್ಮ ಬೆನ್ನಿನ ಬರೆಗೆ ಅವರ ಸಹಿ. ಅವರಾದರೂ ಸಾಕ್ಷಿ ಇಲ್ಲದೆ ಹೇಗೆ ಸಹಿ ಹಾಕುತ್ತಾರೆ? ಧಣಿಯ ಹೆಸರು ಬೇಕು, ನದಿಯ ಹೆಸರು ಬೇಕು ಅಂತ ಕೇಳಿದರು. ಲೆವಿನಣ್ಣ ಕೊಟ್ಟರು.

ದೋಣಿಯವನ ಹೆಸರನ್ನು ಯಾರೂ ಕೇಳಿರಲಿಲ್ಲ. ಇದನ್ನು ಲೆವಿನಣ್ಣನೇ ನನಗೆ ಎರಡೆರಡು ಸಲ ಒತ್ತಿ ಹೇಳಿದ್ದಾರೆ, ಯಾರ ಮೇಲೂ ಭಾರ ಜಾರಿಸಬಾರದು ಅಂತ. ಕೈಬರಹ ಓದಿದ ದೊಡ್ಡವರೊಬ್ಬರು, ಈ ಹೆಸರು ಹಾಕಿದರೆ ಅವನಿಗೆ ತೊಂದರೆಯಿಲ್ಲ ತಾನೇ ಅಂತ ಕೇಳಿಯೂ ಇದ್ದರು. ಅವನೇ ಬರೆ ಅಂದಿದ್ದಾನೆ ಅಂತ ಲೆವಿನಣ್ಣ ಎದೆಯುಬ್ಬಿಸಿ ಹೇಳಿದರು.

ಪುಸ್ತಕ ಬಂದದ್ದು ಸಾವಿರದ ಎಂಟುನೂರ ಐವತ್ತೊಂದನೇ ಇಸವಿಯ ವಸಂತದಲ್ಲಿ. ನಮಗೆಲ್ಲ ಹುಚ್ಚೇ ಹಿಡಿಯಿತು. ಅದರಲ್ಲೂ ಎಪ್ಪತ್ತೊಂದನೇ ಪುಟ, ಆ ದೋಣಿಯ ಪುಟ. ಹೊಡೆತ, ಹಸಿವು, ಹರಾಜು ಎಲ್ಲ ದಾಟಿದ ಮೇಲೆ ಬರುವ ಪುಟವಲ್ಲವೇ, ಅಲ್ಲಿ ಗಾಳಿ ಬೀಸುತ್ತಿತ್ತು. ನನಗೆ ಆಗ ಎಂಟು ವರ್ಷ. ಚರ್ಚಿನ ಹಬ್ಬದ ದಿನ ಬೋರಲು ಹಾಕಿದ ಪೀಪಾಯಿಯ ಮೇಲೆ ಹತ್ತಿ ನಿಂತು ಆ ಪುಟವನ್ನು ಬಾಯಿಪಾಠ ಒಪ್ಪಿಸಿದೆ. ಡೆನ್ವುಡ್ ಅನ್ನುವ ಹೆಸರು ಬಂದಾಗ ಕೈ ಎತ್ತಿ ಕೂಗಬೇಕು ಅಂತ ಅಮ್ಮ ಹೇಳಿಕೊಟ್ಟಿದ್ದಳು. ಕೂಗಿದೆ. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತು ಲೆವಿನಣ್ಣ ಅಳುತ್ತಿದ್ದರು. ಆ ಮುನ್ನೂರರಲ್ಲಿ ಒಬ್ಬರಿಗೂ, ಪೀಪಾಯಿ ಮೇಲಿನ ನನ್ನನ್ನೂ ಸೇರಿಸಿ, ಆ ಮನುಷ್ಯ ಇನ್ನೂ ಅಲ್ಲೇ ಇದ್ದಾನಲ್ಲ ಅಂತ ಹೊಳೆಯಲಿಲ್ಲ. ಈಗ ನೆನೆದರೆ ಆ ಕೈಯನ್ನು ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಚಳಿ ಶುರುವಾಗುವ ಹೊತ್ತಿಗೆ ಕೆಳಗಿನಿಂದ ಬಂದ ಹಡಗೊಂದರ ಅಡುಗೆಯವನು ಲೆವಿನಣ್ಣನನ್ನು ಹುಡುಕಿಕೊಂಡು ಬಂದ. ನಮ್ಮವನೇ. ಚಾಪ್‌ಟ್ಯಾಂಕ್ ಕಡೆಯ ಹೆಂಡದಂಗಡಿಯಲ್ಲಿ ಧಣಿಗಳು ಆ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ನಗುತ್ತಾ ಓದಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅದಾದ ವಾರದಲ್ಲೇ ಡೆನ್ವುಡ್ಡನನ್ನು ದೋಣಿಯಿಂದ ಇಳಿಸಿ, ಕೈಗೆ ಬೇಡಿ ಹಾಕಿ, ದೂರದ ಹತ್ತಿ ಸೀಮೆಗೆ ಮಾರಿಬಿಟ್ಟರು. ಅಡುಗೆಯವನು ಇಷ್ಟನ್ನು ಹೇಳಿ ಮರುದಿನ ಹಡಗು ಹತ್ತಿದ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಅಚ್ಚಾದ ಮಾತು ಹೋಗುವುದೂ ಇಲ್ಲ, ಮನೆಮನೆಯ ಕಪಾಟಿನಲ್ಲಿ ಕೂತಿರುತ್ತದೆ. ಅದರ ಮುಂದಿನ ಶನಿವಾರದಿಂದಲೇ ಲೆವಿನಣ್ಣ ಚೂರಿ ಹಿಡಿದು ಹೊರಟದ್ದು.

ಯಾರಿಗೂ ಕಾರಣ ಹೇಳಲಿಲ್ಲ. ಮೊದಮೊದಲು, ಆ ಪುಟದ ಜಾಡು ಹಿಡಿದು ಡೆನ್ವುಡ್ ದಾಟಿಸಿದ ಉಳಿದವರನ್ನೂ ಹುಡುಕಿ ಹಿಡಿದಾರು ಅನ್ನುವ ಭಯವಿತ್ತಂತೆ. ಆಮೇಲಾಮೇಲೆ ಬರೀ ನಾಚಿಕೆ. ಭಾಷಣಕ್ಕೆ ಕರೆದರೆ ಗಂಟಲು ನೋವು ಅಂದರು. ಆದರೆ ಸುಮ್ಮನೆ ಕೂರಲಿಲ್ಲ ನೋಡಿ, ನಾನು ಅವರನ್ನು ಮೆಚ್ಚುವುದೇ ಅದಕ್ಕೆ. ಹದಿನೈದು ವರ್ಷ ಹಗಲು ಪೀಪಾಯಿ ಕಟ್ಟಿದರು, ಉಳಿದ ಹೊತ್ತು ಗುಲಾಮಗಿರಿಯ ವಿರುದ್ಧ ಪತ್ರಿಕೆಗಳಿಗೆ ಬರೆದರು, ಸಹಿ ಇಲ್ಲದೆ. ಓಡಿಬಂದವರನ್ನು ಅಟ್ಟದ ಮೇಲೆ ಮಲಗಿಸಿ ಕೆನಡಾಕ್ಕೆ ಸಾಗಿಸಿದರು. ಅವರಲ್ಲಿ ಯಾರಾದರೂ ತನ್ನ ಹೆಸರು ಹೇಳಹೊರಟರೆ, ಬೇಡ, ನನಗೆ ಹೇಳಬೇಡಿ ಅಂತ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ನಮ್ಮ ಮನೆಗೂ ಬಂದಿದ್ದರು ಪುಟ ಕೇಳಿಕೊಂಡು. ಅಮ್ಮ ಪುಸ್ತಕ ತಂದುಕೊಟ್ಟರೆ ಅದರಲ್ಲಿ ಆ ಹಾಳೆಯೇ ಇಲ್ಲ. ಬರುತ್ತಾರೆ ಅಂತ ಗೊತ್ತಾಗಿ ನಾನೇ ಹರಿದು ಹಾಸಿಗೆಯ ಹುಲ್ಲಿನೊಳಗೆ ತುರುಕಿದ್ದೆ. ನನಗೆ ಚಪ್ಪಾಳೆ ಕೊಟ್ಟ ಪುಟವಲ್ಲವೇ. ಗೊತ್ತಿಲ್ಲ ಅಂತ ಸುಳ್ಳು ಹೇಳಿದೆ. ಲೆವಿನಣ್ಣ ನನ್ನನ್ನೇ ಒಂದು ಗಳಿಗೆ ನೋಡಿ, ಇರಲಿ ಬಿಡು ಪುಟ್ಟಿ ಅಂದು ಹೋದರು.

ಗುಲಾಮಗಿರಿಗಾಗಿ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಬಂತು, ಮುಗಿಯಿತು, ಬೇಡಿಗಳು ಕಳಚಿದವು. ಆಮೇಲೆ ಶುರುವಾದದ್ದು ಹುಡುಕಾಟ. ಮಾರಿಹೋದ ಮಕ್ಕಳನ್ನು ತಾಯಂದಿರು, ಹೆಂಡತಿಯರನ್ನು ಗಂಡಂದಿರು. ನಮ್ಮ ಚರ್ಚುಗಳಿಗೆ ಕಾಗದ ಬರೆದರೆ ಭಾನುವಾರ ಪಾದ್ರಿಗಳು ಅದನ್ನು ಎಲ್ಲರೆದುರು ಓದುತ್ತಾರೆ: ಇಂಥವರು, ಇಂಥ ಕಡೆಯವರು, ಇಂಥ ವರ್ಷ ಮಾರಲ್ಪಟ್ಟವರು, ಯಾರಾದರೂ ಕಂಡಿರಾ ಅಂತ. ಬರೆಯಲು ಬಾರದವರಿಗೆ ಲೆವಿನಣ್ಣ ಬರೆದುಕೊಡತೊಡಗಿದರು. ಪ್ರತಿ ಗುರುವಾರ ಮಧ್ಯಾಹ್ನ, ಪೀಪಾಯಿ ಅಂಗಡಿಯಲ್ಲಿ, ಬೋರಲು ಪೀಪಾಯಿಯೇ ಮೇಜು. ಪುಟ ಬಚ್ಚಿಟ್ಟ ಪಾಪಕ್ಕೋ ಏನೋ, ಶಾಯಿ ಕಲಸಿ ವಿಳಾಸ ಬರೆದುಕೊಡಲು ನಾನೂ ಹೋಗುತ್ತಿದ್ದೆ.

ಯುದ್ಧ ಮುಗಿದ ಮರುವರ್ಷ, ಅಂಥ ಒಂದು ಗುರುವಾರ ಸಿನಕ್ಕ ಬಂದರು. ಅದರ ಹಿಂದಿನ ತಿಂಗಳಷ್ಟೇ ಕೆಳಗಿನಿಂದ ಬಂದು, ನಾವಿಕರ ವಸತಿಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ಹಿಡಿದಿದ್ದರು. ಐವತ್ತರ ಆಸುಪಾಸು, ಸೋಪಿನ ನೀರಿಗೆ ಸುಲಿದ ಕೈ. ಕೂತವರೇ ಬರೆಸತೊಡಗಿದರು. ನನ್ನ ಗಂಡ, ಹೆಸರು ಡೆನ್ವುಡ್, ಚಾಪ್‌ಟ್ಯಾಂಕ್ ನದಿಯವನು, ಸಿಂಪಿ ಹಿಡಿಯುವವನು, ಎಡಗೈಯಲ್ಲಿ ಚುಕ್ಕಾಣಿ ಹಿಡಿಯುತ್ತಾನೆ, ಐವತ್ತೊಂದರ ಚಳಿಗಾಲದ ಮುಂಚೆ ಮಾರಿದರು.

ಲೆವಿನಣ್ಣನ ಲೇಖನಿ ನಿಂತಿತು. ನಾನು ಶಾಯಿ ಮುಗಿಯಿತೇನೋ ಅಂದುಕೊಂಡು ದೌತಿ ಮುಂದೆ ಸರಿಸಿದೆ.

"ಯಾಕೆ ಮಾರಿದ್ರು ಅಂತಾನೂ ಬರ್ಕೊಳಿ ಮೇಷ್ಟ್ರೇ," ಅಂದರು ಸಿನಕ್ಕ ಲೆವಿನಣ್ಣನಿಗೆ. "ನನ್ನ ಒಡಹುಟ್ಟಿದ ತಮ್ಮನೇ ಹಿಡ್ಕೊಟ್ಟ. ಪೆರಿ ಅಂತ. ಅದರ ಹಿಂದಿನ ವಾರ ಬಲೆ ವಿಷ್ಯಕ್ಕೆ ಇಬ್ರೂ ಹೊಡೆದಾಡಿದ್ರು. ಇನ್ಯಾರಿಗೂ ಆ ದೋಣಿ ಗುಟ್ಟು ಗೊತ್ತಿರಲಿಲ್ಲ."

ಪುಸ್ತಕದ ಸುದ್ದಿಯನ್ನು ಧಣಿಗಳು ಗುಲಾಮರಿಗೆ ಹೇಳಲು ಹೋಗುತ್ತಾರೆಯೇ? ಕಾರಣ ಗೊತ್ತಿಲ್ಲದ ಕೇರಿ ಒಬ್ಬನನ್ನು ಕಾರಣ ಮಾಡಿಕೊಂಡಿತ್ತು. ಪೆರಿಯ ಜೊತೆ ಹದಿನೈದು ವರ್ಷ ಯಾರೂ ತಟ್ಟೆ ಹಂಚಿಕೊಂಡಿರಲಿಲ್ಲ. ಸಿನಕ್ಕ ಒಂದು ಮಾತೂ ಆಡಿರಲಿಲ್ಲ.

ಮಾರಿಸಿದ್ದು ಆ ಪುಸ್ತಕವೇ ಅಂತ ನನಗೂ ಆಗ ತಿಳಿದಿರಲಿಲ್ಲ. ನನಗೆ ಕಂಡದ್ದು ನನ್ನ ಎಪ್ಪತ್ತೊಂದನೇ ಪುಟದ ಡೆನ್ವುಡ್, ಅವನ ನಿಜವಾದ ಹೆಂಡತಿ! ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಲೆವಿನಣ್ಣ ಮೇಜಿನಡಿಯಲ್ಲಿ ನನ್ನ ಕಾಲು ತುಳಿದರು. ಎಂಥ ಜೋರು! ಆಮೇಲೆ ಕೇಳಿದರೆ, ಇವತ್ತು ಬೇಡ, ನಾನೇ ಹೇಳುತ್ತೇನೆ ಅಂದರು. ಮುಂದಿನ ಗುರುವಾರವೂ ಇವತ್ತು ಬೇಡ. ಅದರ ಮುಂದಿನದೂ ಇವತ್ತು ಬೇಡ. ಪೆರಿಯ ಸಂಗತಿಯನ್ನು ಮಾತ್ರ ಅವರು ಕಾಗದದಲ್ಲಿ ಬರೆಯಲೇ ಇಲ್ಲ. ಕಾಗದಗಳನ್ನು ಕೆಳಗಿನ ಚರ್ಚುಗಳಿಗಷ್ಟೇ ಕಳಿಸಿದರು, ನಮ್ಮ ಚರ್ಚಿನಲ್ಲಿ ಓದಿಸಲಿಲ್ಲ.

ಸವಾನ್ನಾದಿಂದ ಒಂದು ಉತ್ತರ ಬಂತು, ಡೆನ್ವುಡ್ ಸಿಕ್ಕಿದ್ದಾನೆ ಅಂತ. ಅವನು ಬೇರೆ ಡೆನ್ವುಡ್, ಇಪ್ಪತ್ತು ವರ್ಷದ ಒಕ್ಕಣ್ಣ. ಆಮೇಲೆ ಬಾಲ್ಟಿಮೋರಿನಿಂದ ಇನ್ನೊಂದು ಕಾಗದ ಬಂತು. ಅಲ್ಲಿನ ಚರ್ಚಿನಲ್ಲಿ ಸಿನಕ್ಕನ ಹುಡುಕಾಟವನ್ನು ಓದಿದಾಗ ಹಿಂದಿನ ಬೆಂಚಿನಲ್ಲಿ ಪೆರಿ ಕೂತಿದ್ದ. ಯಾರ ಕೈಯಲ್ಲೋ ಬರೆಸಿದ್ದ. ಲೆವಿನಣ್ಣನೇ ಅದನ್ನು ಸಿನಕ್ಕನಿಗೆ ಓದಿ ಹೇಳಬೇಕಾಯಿತು. ಅಕ್ಕ, ನನಗೆ ಎದೆಯ ಕಾಯಿಲೆ, ಕೆಮ್ಮಿದರೆ ರಕ್ತ ಬರುತ್ತಿದೆ, ಬೇಸಿಗೆ ದಾಟುವುದಿಲ್ಲ ಅಂತಾರೆ. ಒಂದು ಸಲ ಬಂದು ಮುಖ ತೋರಿಸು. ನಾನು ಹಿಡಿದುಕೊಡಲಿಲ್ಲ ಅಂತ ಎಷ್ಟು ಸಲ ಹೇಳಲಿ.

ಸಿನಕ್ಕ ಕೈ ಒರೆಸಿಕೊಂಡರು. "ಬರೀರಿ ಮೇಷ್ಟ್ರೇ. ನಿಂಗೆ ಅಕ್ಕ ಇಲ್ಲ ಅಂತ ಬರೀರಿ. ಅಷ್ಟೇ ಸಾಕು."

ಲೆವಿನಣ್ಣ ಬರೆದರು. ನನ್ನ ಕಣ್ಣೆದುರೇ, ಆ ಮುತ್ತಿನಂಥ ಅಕ್ಷರದಲ್ಲಿ, ನಿನಗೆ ಅಕ್ಕ ಇಲ್ಲ ಅಂತ ಬರೆದು, ಮಡಚಿ, ನನಗೆ ವಿಳಾಸ ಬರೆಯಲು ಕೊಡದೆ ಜೇಬಿಗೆ ಹಾಕಿಕೊಂಡರು. ಅಂಚೆಗೆ ಹಾಕಲಿಲ್ಲ. ಹಾಕಲಿಲ್ಲ ಅಂತ ಸಿನಕ್ಕನಿಗೆ ಹೇಳಲೂ ಇಲ್ಲ. ಮೂರು ವಾರ ಆ ಕಾಗದ ಅದೇ ಜೇಬಿನಲ್ಲಿತ್ತು, ಮೊದಲು ಚೂರಿ ಇರುತ್ತಿದ್ದ ಜೇಬಿನಲ್ಲಿ.

ನಮ್ಮ ಚರ್ಚಿನಲ್ಲಿ ಮೂರು ತಿಂಗಳಿಗೊಮ್ಮೆ ಪ್ರೀತಿಯೂಟ ನಡೆಯುತ್ತದೆ. ಊಟ ಅಂತ ಹೆಸರಷ್ಟೇ, ಸಿಗುವುದು ಒಂದು ತುಂಡು ರೊಟ್ಟಿ, ಒಂದು ಗುಟುಕು ನೀರು. ಪಕ್ಕದವರ ಕೈಯ ರೊಟ್ಟಿಯಿಂದ ನಾವು ಚೂರು ಮುರಿದುಕೊಳ್ಳಬೇಕು, ನಮ್ಮದರಿಂದ ಅವರು. ಯಾರ ಮೇಲಾದರೂ ಹಗೆ ಉಳಿಸಿಕೊಂಡವರು ಮುಟ್ಟುವ ಹಾಗಿಲ್ಲ. ಹಾಗಾಗಿ ಹಿಂದಿನ ಶನಿವಾರ ಊರ ತುಂಬ ರಾಜಿಯೋ ರಾಜಿ. ನಮ್ಮಮ್ಮ ಮತ್ತು ಪಕ್ಕದ ಮನೆಯವರ ಕೋಳಿ ಜಗಳ ವರ್ಷಕ್ಕೆ ನಾಲ್ಕು ಸಲ ಮುಗಿಯುತ್ತದೆ. ಆ ದಿನ ಎರಡು ಹಿಡಿಯ ದೊಡ್ಡ ಬಟ್ಟಲಿನಲ್ಲಿ ನೀರು ಕೊಡುವ ಕೆಲಸ ಯಾವಾಗಲೂ ಲೆವಿನಣ್ಣನದು, ಹದಿನೈದು ವರ್ಷದಿಂದ ಅವರೇ ಕೇಳಿ ಪಡೆದದ್ದು. ಎಷ್ಟು ವಿನಯ ಅಂತ ನಾವು ಮೆಚ್ಚುತ್ತಿದ್ದೆವು. ನೀರು ಕೊಡುವವರು ಕೊನೆಗೆ ತಿನ್ನಬೇಕು, ಕೊನೆಗೆ ತಿಂದರೋ ಬಿಟ್ಟರೋ ಯಾರೂ ನೋಡುವುದಿಲ್ಲ ಅನ್ನುವುದು ನನ್ನ ಬುದ್ಧಿಗೆ ಹೊಳೆದದ್ದು ಆ ಭಾನುವಾರದ ನಂತರ.

ಆ ಭಾನುವಾರ ರೊಟ್ಟಿ ಸಾಲಿನಿಂದ ಸಾಲಿಗೆ ಬಂದು ಸಿನಕ್ಕನ ಹತ್ತಿರ ನಿಂತಿತು. ಅವರು ಕೈಯನ್ನು ಮಡಿಲಿನಿಂದ ತೆಗೆಯಲಿಲ್ಲ. ಟೆಂಪಿ ಅತ್ತೆಗೆ ಅಂಥದ್ದು ಕಣ್ಣಿಗೆ ಬಿದ್ದರೆ ಬಿಡುವವರಲ್ಲ.

"ಯಾಕಮ್ಮ, ನಮ್ಮೂರ ರೊಟ್ಟಿ ಗಂಟಲಲ್ಲಿ ಇಳಿಯಲ್ವಾ?"

"ನಂಗೊಬ್ಬ ತಮ್ಮ ಇದಾನೆ," ಅಂದರು ಸಿನಕ್ಕ. "ಸಾಯ್ತಿದಾನಂತೆ. ಅವನು ಸತ್ತ ಮೇಲೆ ತಿಂತೀನಿ."

ಲೆವಿನಣ್ಣ ಬಟ್ಟಲು ಹಿಡಿದು ಅಲ್ಲೇ, ಮೂರು ಹೆಜ್ಜೆ ಆಚೆ ನಿಂತಿದ್ದರು. ಬಟ್ಟಲಿನ ನೀರು ಅಂಚು ದಾಟಿ ಅವರ ಅಂಗಿಯ ತೋಳಿಗೆ ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಪೆರಿ ಅಲ್ಲ ಸಿನಕ್ಕ," ಅಂದರು. "ನಾನು."

ಆಮೇಲಿನದನ್ನು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದರು. ಡೆನ್ವುಡ್ ದಾಟಿಸಿದ ಪಾಂಪಿ ತಾನು. ಅವನ ಹೆಸರನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದೆ. ಅದನ್ನು ಓದಿ ಅವನನ್ನು ಮಾರಿದರು. ಹದಿನೈದು ವರ್ಷದಿಂದ ಗೊತ್ತಿದೆ, ನೀವು ಬಂದ ದಿನದಿಂದ ನಿಮ್ಮೆದುರೇ ಬಚ್ಚಿಟ್ಟೆ. ಭಾಷಣದಲ್ಲಿ ಸಾವಿರ ಜನರನ್ನು ಅಳಿಸಿದ ಆ ಗಂಟಲು ಅವತ್ತು ಹಿಂದಿನ ಸಾಲಿಗೂ ಕೇಳಲಿಲ್ಲ. ಪಾದ್ರಿಗಳು ಏನು ಮಾಡಬೇಕೋ ತೋಚದೆ ಹಾಡು ಎತ್ತಲು ಹೋದರು. ಸಿನಕ್ಕ ಬೇಡ ಅಂತ ಕೈ ಮಾಡಿದರು.

"ಏನು ಬರ್ದಿದ್ದೆ? ಓದು."

ಅದುವರೆಗೆ ಮೇಷ್ಟ್ರೇ ಅಂತಿದ್ದವರು. ಲೆವಿನಣ್ಣ ಏನಂತ ಓದುತ್ತಾರೆ, ಸಿಕ್ಕ ಹಾಳೆಯನ್ನೆಲ್ಲ ಒಲೆಗೆ ಹಾಕಿದವರು. ನನ್ನ ಹತ್ತಿರ ಒಂದಿದೆ ಅಂತ ನಾನು ಎದ್ದೆ. ಅಮ್ಮ ನನ್ನ ಕಡೆ ನೋಡಿದ ನೋಟವನ್ನು ಈಗ ಹೇಳುವುದಿಲ್ಲ. ಎರಡು ಬೀದಿ ಓಡಿಹೋಗಿ ತಂದೆ. ಹಾಸಿಗೆ ಎರಡು ಸಲ ಬದಲಾದರೂ ಹಾಳೆ ಮಾತ್ರ ಹುಲ್ಲಿನಿಂದ ಹುಲ್ಲಿಗೆ ದಾಟಿಕೊಂಡು ಉಳಿದಿತ್ತು. ಲೆವಿನಣ್ಣ ಕೈ ಚಾಚಿದರು. ಸಿನಕ್ಕ, "ಅವನು ಬೇಡ. ನೀನೇ ಓದು ಮಗಳೇ" ಅಂದರು.

ಓದಿದೆ. ಎಂಟನೇ ವಯಸ್ಸಿನಲ್ಲಿ ನಿಂತ ಜಾಗಕ್ಕೂ ಇದಕ್ಕೂ ನಾಲ್ಕು ಮಾರು ಇರಬಹುದು. 'ಸಿಂಪಿ ಮೂಟೆಗಳ ಕೆಳಗೆ ನಾನು ಮಲಗಿದ್ದೆ. ಮೇಲೆ ಅವನು ಹಾಡುತ್ತಿದ್ದ. ಅಷ್ಟು ಇಂಪಾದ ಕಂಠವನ್ನು ನಾನು ಇನ್ನೆಲ್ಲೂ ಕೇಳಿಲ್ಲ. ದಡ ಮುಟ್ಟಿದಾಗ ತನ್ನ ರೊಟ್ಟಿಯನ್ನು ಮುರಿದು ದೊಡ್ಡ ಭಾಗ ನನಗೆ ಕೊಟ್ಟ. ಅವನ ಹೆಸರು ಡೆನ್ವುಡ್. ಯಾರಾದರೂ ಒಬ್ಬರು ಈ ಹೆಸರನ್ನು ಬರೆಯಲೇಬೇಕಿತ್ತು.' ಹೆಸರು ಬಂದ ಕಡೆ ನನ್ನ ದನಿ ಏಳಲಿಲ್ಲ.

"ಇಂಪಾದ ಕಂಠವಂತೆ," ಅಂದರು ಸಿನಕ್ಕ. "ಅವನು ಬಾಯಿ ತೆಗೆದ್ರೆ ನೀರಲ್ಲಿದ್ದ ಬಾತುಕೋಳಿ ಎದ್ದು ಹೋಗ್ತಿದ್ವು."

ಯಾರೂ ನಗಲಿಲ್ಲ. ಅವರೂ ನಗಲಿಲ್ಲ. ಅವನೇ ಬರೆ ಅಂದನೇ ಅಂತ ಕೇಳಿದರು. ಹೌದು ಅಂದರು ಲೆವಿನಣ್ಣ, ಆದರೆ ನಾನು ಬರೆಯಬಾರದಿತ್ತು. ಅಂದಿರುತ್ತಾನೆ, ಅವನ ಬಾಯಿಗೆ ಬೀಗ ಎಲ್ಲಿತ್ತು ಅಂತ ಸಿನಕ್ಕ ತನಗೆ ತಾನೇ ಹೇಳಿಕೊಂಡರು. ಆಮೇಲೆ ಏನೋ ನೆನಪಾದವರಂತೆ ತಟ್ಟನೆ ಎದ್ದುನಿಂತರು.

"ಪೆರಿಗೆ ಬರೆಸಿದ್ದು ತಲುಪಿರುತ್ತಾ?"

ಲೆವಿನಣ್ಣ ಜೇಬಿನಿಂದ ಆ ಕಾಗದ ತೆಗೆದು ಕೊಟ್ಟರು. ಮೂಲೆಗಳು ಸವೆದು ಬಟ್ಟೆಯಂತಾಗಿತ್ತು. ಸಿನಕ್ಕ ಅದನ್ನು ಎಷ್ಟೋ ಹೊತ್ತು ತಿರುಗಿಸಿ ಮುರುಗಿಸಿ ನೋಡಿದರು, ಓದಲು ಬಾರದಿದ್ದರೂ. "ಕಳಿಸ್ಲಿಲ್ಲವಲ್ಲ, ಅದೊಂದು ಒಳ್ಳೇದು ಮಾಡಿದೀಯ," ಅಂದರು. "ನಾಳೆ ಹಡಗಿದೆ. ನೀನೂ ಬಾ. ಕಾಗದ ಬೇಡ. ಅವನ ಮುಂದೆ ನಿಂತು ಬಾಯಲ್ಲಿ ಹೇಳು."

ಓಡಿಬಂದ ಮೇಲೆ ಲೆವಿನಣ್ಣ ಒಂದು ಸಲವೂ ಆ ಕಡೆ ಮುಖ ಹಾಕಿರಲಿಲ್ಲ. ಹೋದರು. ಇಡೀ ದಾರಿ ಸಿನಕ್ಕ ಒಂದು ಕೊನೆಯಲ್ಲಿ, ಇವರು ಇನ್ನೊಂದು ಕೊನೆಯಲ್ಲಿ. ಪೆರಿ ಇನ್ನೂ ಇದ್ದ. ಗೋಡೆಗೆ ಒರಗಿ ಕೂತು ಸಿಂಪಿಯ ಸಾರು ಕುಡಿಯುತ್ತಿದ್ದ. ಲೆವಿನಣ್ಣ ಬಾಗಿಲಲ್ಲೇ ಟೋಪಿ ತೆಗೆದು ನಿಂತು ಎಲ್ಲ ಹೇಳಿದರು. ಇನ್ನೊಂದು ಮನೆಯ ಬಾಗಿಲು, ಆದರೆ ಈ ಸಲ ಕೇಳುವುದಕ್ಕೆ ಏನೂ ಇರಲಿಲ್ಲ. ಪೆರಿ ಬೈಯುತ್ತಾನೆ, ಸಾರಿನ ಬಟ್ಟಲನ್ನಾದರೂ ಎಸೆಯುತ್ತಾನೆ ಅಂದುಕೊಂಡಿದ್ದರಂತೆ. ಅವನು ಸುಮಾರು ಹೊತ್ತು ಕೆಮ್ಮಿ ಸುಧಾರಿಸಿಕೊಂಡು, ಅಕ್ಕನ ಕಡೆ ತಿರುಗಿ, "ನಂಗೇ ಅನುಮಾನ ಬರಕ್ ಶುರುವಾಗಿತ್ತು ಕಣಕ್ಕ. ಎಲ್ಲೋ ಕುಡಿದಾಗ ನಾನೇ ಬಾಯಿ ಬಿಟ್ಟಿರಬೇಕು ಅಂತ" ಅಂದ.

ಇದನ್ನು ನನಗೆ ಹೇಳುವಾಗ ಲೆವಿನಣ್ಣ ಪೀಪಾಯಿಯ ಬಳೆ ಬಡಿಯುತ್ತಿದ್ದರು. ಸುತ್ತಿಗೆ ಕೆಳಗಿಟ್ಟು ಹೊರಗೆ ಹೋದವರು ಅವತ್ತು ಕೆಲಸಕ್ಕೆ ವಾಪಸ್ ಬರಲಿಲ್ಲ.

ಪೆರಿ ಜೂನ್ ತಿಂಗಳಲ್ಲಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟ. ಸಿನಕ್ಕ ಮಣ್ಣು ಮಾಡಿ ಇಲ್ಲಿಗೇ ಮರಳಿದರು. ಮುಂದಿನ ಪ್ರೀತಿಯೂಟದಲ್ಲಿ ಟೆಂಪಿ ಅತ್ತೆಯ ಕೈಯ ರೊಟ್ಟಿಯಿಂದ ಚೂರು ಮುರಿದುಕೊಂಡರು. ಲೆವಿನಣ್ಣನ ಕೈಯದನ್ನು ಇನ್ನೂ ಮುಟ್ಟಿಲ್ಲ. ಅವರು ಕೇಳಿಯೂ ಇಲ್ಲ. ನೀರಿನ ಬಟ್ಟಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಕೊನೆಯ ಸಾಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರಿಗೈಯಲ್ಲಿ ಕೂರುತ್ತಾರೆ.

ಆದರೆ ಗುರುವಾರ ತಪ್ಪುವುದಿಲ್ಲ. ಸಿನಕ್ಕ ತನ್ನ ಕಾಫಿಯನ್ನು ತಾನೇ ತಗಡಿನ ಡಬ್ಬಿಯಲ್ಲಿ ತಂದುಕೊಂಡು ಆ ಪೀಪಾಯಿಯ ಎದುರು ಕೂರುತ್ತಾರೆ. ಲೆವಿನಣ್ಣ ಬರೆಯುತ್ತಾರೆ. ಅಲಬಾಮಾದ ಚರ್ಚುಗಳು ಮುಗಿದವು, ಈಗ ಮಿಸಿಸಿಪ್ಪಿ. ಅಕ್ಷರ ಕೋಳಿ ಕೆದರಿದ ಹಾಗಾಯಿತು, ಸರಿಯಾಗಿ ಬರಿ ಅಂತ ಓದಲು ಬಾರದ ಸಿನಕ್ಕ ಗದರುತ್ತಾರೆ. ಅವರು ಮತ್ತೆ ಬರೆಯುತ್ತಾರೆ. ಪುಸ್ತಕವನ್ನೂ ಹೊಸದಾಗಿ ಅಚ್ಚು ಹಾಕಿಸಿದರು. ಮೊದಲಿಗೆ ದೊಡ್ಡವರ ಕಾಗದಗಳಿಲ್ಲ. ಆ ಜಾಗದಲ್ಲಿ ಎಪ್ಪತ್ತೊಂದನೇ ಪುಟ ಏನು ಮಾಡಿತು ಅನ್ನುವುದನ್ನು ತಾನೇ ಬರೆದು, ಕೆಳಗೆ ಪೂರ್ತಿ ಸಹಿ ಹಾಕಿದ್ದಾರೆ. ಇದರಿಂದ ನಮ್ಮ ಕೆಲಸಕ್ಕೇ ಮುಜುಗರ ಅಂತ ಬಾಸ್ಟನ್ನಿನವರು ಹೇಳಿ ನೋಡಿದರು. ಮುಜುಗರವಾಗಲಿ ಅಂತಲೇ ಬರೆದದ್ದು ಅಂದರಂತೆ ಇವರು. ಡೆನ್ವುಡ್ ಹೆಸರು ಈಗಲೂ ಇದೆ, ಸಿನಕ್ಕನನ್ನು ಕೇಳಿಯೇ ಹಾಕಿದ್ದು. ಈಗ ಆ ಹೆಸರನ್ನು ಎಷ್ಟು ಜನ ಓದಿದರೆ ಅಷ್ಟು ಒಳ್ಳೆಯದು. ಇಂಪಾದ ಕಂಠ ಅನ್ನುವ ಸಾಲನ್ನು ಮಾತ್ರ ಸಿನಕ್ಕ ತೆಗೆಸಿಬಿಟ್ಟರು, ಅದನ್ನು ನಂಬಿ ಹುಡುಕಿದರೆ ಅವನು ಯಾವತ್ತೂ ಸಿಗುವುದಿಲ್ಲ ಅಂತ.

ನಿಮ್ಮ ಮನೆಯಲ್ಲಿ ಆ ಹಳೇ ಪುಸ್ತಕ ಇದ್ದರೆ, ಎಪ್ಪತ್ತೊಂದನೇ ಪುಟ ಇನ್ನೂ ಅದರಲ್ಲೇ ಇದ್ದರೆ, ತೆಗೆದುಕೊಂಡು ಹೋಗಿ, ಆ ಕಂಠದ ಸಾಲನ್ನು ಹೊಡೆದುಹಾಕಿ ಕೊಡುತ್ತಾರೆ. ಗುರುವಾರ ಮಧ್ಯಾಹ್ನ, ಹಡಗುಕಟ್ಟೆಯ ಹಿಂದಿನ ಪೀಪಾಯಿ ಅಂಗಡಿ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಹತ್ತಿ ಸೀಮೆಯ ಕಡೆ ಓಡಾಡಿದವರಾದರೆ ಪುಸ್ತಕ ಇಲ್ಲದಿದ್ದರೂ ಪರವಾಗಿಲ್ಲ, ಹೋಗಿ. ಎಡಗೈಯಲ್ಲಿ ಚುಕ್ಕಾಣಿ ಹಿಡಿಯುವ, ಬಾತುಕೋಳಿ ಹಾರಿಹೋಗುವ ಹಾಗೆ ಹಾಡುವ ಮುದುಕನನ್ನು ಎಲ್ಲಾದರೂ ಕಂಡಿದ್ದೀರಾ? ಲೆವಿನಣ್ಣ ಎದ್ದು ಸ್ಟೂಲು ಕೊಡುತ್ತಾರೆ. ಆದರೆ ಮಾತನ್ನು ಸಿನಕ್ಕನಿಗೇ ಹೇಳಿ, ಇವರು ಬರೆದುಕೊಳ್ಳುತ್ತಾರೆ.